ಸುಡುಗಲ್ಲಿನ ಮೇಲೆ ನನ್ನ ಭಕ್ತಿ

ಸಕ್ಕರೆ ಕಾಯಿಲೆಗೆ ನನ್ನ ಅಪ್ಪ ಕಳೆದುಕೊಂಡದ್ದು ಎರಡು ಕಾಲ್ಬೆರಳು. ಉಳಿದ ಎಂಟನ್ನು ಇಟ್ಟುಕೊಂಡು ಅವರು ಮತ್ತೆ ಎಷ್ಟೋ ವರ್ಷ ಆರಾಮಾಗಿ ಬದುಕಿದರು. ಆರಾಮ ಕೆಟ್ಟದ್ದು ನನ್ನದು. ಐವತ್ತು ದಾಟಿದ ಮೇಲೆ ನನ್ನ ರಕ್ತದಲ್ಲೂ ಸಕ್ಕರೆ ಏರಿದೆ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಕಣ್ಣು, ಕಿಡ್ನಿ, ಹೃದಯ ಯಾವುದರ ಬಗ್ಗೆಯೂ ವಿಚಾರಿಸಲಿಲ್ಲ. ಅಲ್ಲೇ ಬಗ್ಗಿ ಬೆರಳು ಎಣಿಸಿಕೊಂಡೆ. ಹತ್ತೂ ಇದ್ದವು.

"ಹೀಗೇ ಉಳೀಬೇಕು ಅಂದ್ರೆ ನಡೀರಿ ಸಾರ್," ಎಂದು ಆಕೆ ತಮಿಳಿನಲ್ಲಿ ಹೇಳಿದರು. ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು, ಅಷ್ಟೆ. "ಬರೀ ಮಾತ್ರೆ ಸಾಕಾಗಲ್ಲ. ದಿನಾ ಅರ್ಧ ಗಂಟೆ, ಸ್ವಲ್ಪ ಮೇಲುಸಿರು ಬರೋ ಹಾಗೆ. ನಡೆಯುವಾಗ ಕಾಲಿನ ಸ್ನಾಯುಗಳು ಆ ಸಕ್ಕರೆನ ಎಳ್ಕೊಂಡು ಖರ್ಚು ಮಾಡಿಬಿಡುತ್ವೆ."

ಇದಕ್ಕಿಂತ ಸುಲಭದ ಔಷಧ ಇಲ್ಲ. ಆದರೆ ನಾನು ವಿಮಾ ಕಚೇರಿಯಲ್ಲಿ ಇಪ್ಪತ್ತೈದು ವರ್ಷದಿಂದ ಅಪಘಾತದ ಅರ್ಜಿಗಳನ್ನು ಓದುತ್ತ ಬಂದವನು. ನನಗೆ ರಸ್ತೆ ಎಂದರೆ ಯಾರೋ ಒಬ್ಬರು ಬೀಳುವ ಜಾಗ. ಮದ್ರಾಸಿನ ಕೋಡಂಬಾಕ್ಕಂನ ನಮ್ಮ ಬೀದಿಯಲ್ಲಿ ಅರ್ಧಕ್ಕೆ ಅಗೆದು ಬಿಟ್ಟ ಗುಂಡಿ, ಇನ್ನರ್ಧಕ್ಕೆ ನಾಯಿಗಳು. ಪಾರ್ಕಿಗೆ ಹೋದರೆ ಟೈಲ್ಸ್ ಮೇಲೆ ಪಾಚಿ. ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಕೈಗೋಡೆ ಇದೆ, ಆದರೆ ಅದು ನನ್ನ ಸೊಂಟದವರೆಗೂ ಬರುವುದಿಲ್ಲ.

"ರೀ, ನಡೆಯದೇ ಇರೋಕೆ ಕಾರಣ ಹುಡುಕೋ ಶ್ರಮಕ್ಕೇ ನಿಮ್ಮ ಸಕ್ಕರೆ ಇಳಿದುಹೋಗತ್ತೆ ಬಿಡಿ," ಎಂದಳು ನನ್ನ ಹೆಂಡತಿ.

ಆಗ ಹೊಳೆದದ್ದು ಮಠ. ಮನೆಯಿಂದ ಎರಡು ಬೀದಿ ಆಚೆ ಇದೆ. ಮದ್ರಾಸಿಗೆ ಬಂದು ಮೂರು ನಾಲ್ಕು ತಲೆಮಾರಾದ ನಮ್ಮಂಥ ಕನ್ನಡದವರು ಒಬ್ಬರ ಮುಖ ಒಬ್ಬರು ನೋಡುವುದೇ ಅಲ್ಲಿ. ಗುರುಗಳ ವೃಂದಾವನದ ಸುತ್ತ ಅಗಲವಾದ ಪ್ರಾಕಾರ, ನುಣ್ಣನೆಯ ಚಪ್ಪಡಿ ಕಲ್ಲು, ಗೇಟಿನಲ್ಲಿ ಕಾವಲು. ನಾಯಿ ಇಲ್ಲ, ಗುಂಡಿ ಇಲ್ಲ, ಎಲ್ಲರೂ ಒಂದೇ ದಿಕ್ಕಿಗೆ ಸುತ್ತುವುದರಿಂದ ಎದುರಿನಿಂದ ಯಾರೂ ಬಂದು ಗುದ್ದುವುದಿಲ್ಲ. ಪಂಚೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು, ಪ್ರದಕ್ಷಿಣೆಗೆ ಇಳಿದೆ. ಅರ್ಧ ಗಂಟೆಗೆ ನಲವತ್ತು ಸುತ್ತು. ವ್ಯಾಯಾಮಕ್ಕೆ ವ್ಯಾಯಾಮ, ಮೇಲೆ ಏನಾದರೂ ಪುಣ್ಯ ಸೇರಿದರೆ ಬೇಡ ಅನ್ನುವವನು ನಾನಲ್ಲ.

ಒಂದು ವಾರದಲ್ಲಿ ಮಠದವರ ಕಣ್ಣು ನನ್ನ ಮೇಲೆ ಬಿತ್ತು. ನಲವತ್ತು ಪ್ರದಕ್ಷಿಣೆಯನ್ನು ಯಾರೂ ಸುಮ್ಮನೆ ಹಾಕುವುದಿಲ್ಲ. ಏನೋ ದೊಡ್ಡ ಕಷ್ಟ, ಹರಕೆ ಹೊತ್ತಿದ್ದಾರೆ ಎಂದು ತೀರ್ಮಾನವಾಯಿತು. ಕಂಬಕ್ಕೆ ಒರಗಿ ಹೂ ಕಟ್ಟುತ್ತ ಕೂರುವ ವಯಸ್ಸಾದ ಮಾಮಿಯೊಬ್ಬರಿದ್ದರು. ಒಂದು ದಿನ ಅವರು ಸೀರೆಯ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು:

"ಮಗಳ ಮದುವೆಗಾ?"

ಸಕ್ಕರೆಗೆ ಎನ್ನಲು ಬಾಯಿ ಬರಲಿಲ್ಲ. ದೇವರ ಸನ್ನಿಧಿಯನ್ನು ಜಿಮ್ ಮಾಡಿಕೊಂಡಿದ್ದೇನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? "ಹೂಂ, ಎಲ್ಲಾ ಒಟ್ಟಿಗೇ," ಎಂದೆ. ಕಾಲೇಜಿನ ಎರಡನೇ ವರ್ಷದಲ್ಲಿ ಓದುತ್ತಿದ್ದ ನನ್ನ ಮಗಳಿಗೆ ಅಂದಿನಿಂದ ಮಠದಲ್ಲಿ ಗಂಡು ಹುಡುಕಲು ಶುರುಮಾಡಿದರು. ಅವಳು ತಮಿಳಿನಲ್ಲಿ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯಲಾರೆ. ಅರ್ಚಕರಂತೂ ಕಷ್ಟದಲ್ಲಿರುವ ಭಕ್ತನೆಂದು ನನ್ನ ದೊನ್ನೆಗೆ ಇನ್ನೊಂದು ಸೌಟು ಸಿಹಿ ಹುಗ್ಗಿ ಹಾಕತೊಡಗಿದರು. ಪ್ರಸಾದ, ಬೇಡ ಅನ್ನುವ ಹಾಗಿಲ್ಲ. ತಿಂದು, ಅದರ ಪ್ರಾಯಶ್ಚಿತ್ತಕ್ಕೆ ಮತ್ತೆ ಹತ್ತು ಸುತ್ತು ಹಾಕುತ್ತಿದ್ದೆ. ಅದನ್ನು ಕಂಡು ನನ್ನ ಹೆಸರು ಇನ್ನೂ ಮೇಲೇರಿತು.

ಮೇ ತಿಂಗಳು ಬಂತು. ಮದ್ರಾಸಿನ ಅಗ್ನಿನಕ್ಷತ್ರದ ಬಿಸಿಲಿಗೆ ಕಾಗೆ ಕೂಡ ಎಂಟು ಗಂಟೆಗೆ ನೆರಳು ಸೇರುತ್ತದೆ. ಆ ವಾರ ಆಡಿಟ್ ಇದ್ದದ್ದರಿಂದ ನಾಲ್ಕು ದಿನ ನಡಿಗೆ ತಪ್ಪಿತ್ತು. ಬೆರಳುಗಳ ಚಿಂತೆ ಹತ್ತಿತು. ತಪ್ಪಿದ್ದನ್ನೆಲ್ಲ ಒಂದೇ ಭಾನುವಾರ ತೀರಿಸಿಬಿಡೋಣ ಎಂದು ನೂರೆಂಟು ಸುತ್ತಿಗೆ ನಿಂತೆ. ಅರವತ್ತಾಗುವಷ್ಟರಲ್ಲಿ ಹತ್ತೂವರೆ. ವೃಂದಾವನದ ಹಿಂಭಾಗಕ್ಕೆ ಚಪ್ಪರ ಇಲ್ಲ, ಕಲ್ಲು ಕಾದು ಕಾವಲಿಯಾಗಿತ್ತು. ಅಲ್ಲಿಗೆ ಬಂದವರೆಲ್ಲ ತುದಿಗಾಲಲ್ಲಿ "ಅಮ್ಮಾ, ಅಪ್ಪಾ" ಎಂದು ಕುಣಿದು ಓಡುತ್ತಿದ್ದರು. ನಾನು ಮಾತ್ರ ಗಂಭೀರವಾಗಿ, ಒಂದೇ ಹದದಲ್ಲಿ ಹೆಜ್ಜೆ ಇಡುತ್ತ ಹೋಗುತ್ತಿದ್ದೆ. ಸ್ವಲ್ಪ ಬೆಚ್ಚಗಿದೆ ಅನ್ನಿಸಿತ್ತು, ಅಷ್ಟೆ. ಇವರೆಲ್ಲ ಎಷ್ಟು ನಾಜೂಕು ಜನ ಎಂದುಕೊಂಡೆ.

"ನೋಡ್ರಿ, ನೋಡ್ರಿ ಅವರನ್ನ!" ಮಾಮಿ ಪಕ್ಕದವರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು. "ಕಲ್ಲು ಸುಡೋದೇ ಗೊತ್ತಾಗಲ್ಲ ಅವರಿಗೆ. ಭಕ್ತಿ ಅಂದ್ರೆ ಅದು."

ನನಗೆ ಆದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಉಳಿದ ನಲವತ್ತೆಂಟು ಸುತ್ತನ್ನು ಇನ್ನೂ ನಿಧಾನವಾಗಿ ಹಾಕಿದೆ.

ಅಂದು ಸಂಜೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ರೀ, ಮೊಸಾಯಿಕ್ ಮೇಲೆ ಏನ್ರೀ ಇದು ಒದ್ದೆ?" ಅಂಟಂಟಾದ ಸಣ್ಣ ಸಣ್ಣ ಗುರುತು ನನ್ನ ಕುರ್ಚಿಯಿಂದ ಹೊರಟು, ನೇರವಾಗಿ ಫ್ರಿಜ್‌ವರೆಗೆ ಹೋಗಿ, ಅಲ್ಲಿ ಕೊಂಚ ನಿಂತು, ವಾಪಸು ಕುರ್ಚಿಗೆ ಬಂದಿತ್ತು. ಫ್ರಿಜ್‌ನಲ್ಲಿ ಮೈಸೂರು ಪಾಕ್ ಇತ್ತು. ನನ್ನ ಕಳ್ಳತನವನ್ನು ಅವಳು ಬೈಯಲು ಬಾಯಿ ತೆಗೆದವಳು, ನನ್ನ ಬಲಗಾಲು ಎತ್ತಿ ನೋಡಿ, ಬೈಗುಳ ಬಿಟ್ಟು ಕನ್ನಡಕಕ್ಕೆ ಕೈಹಾಕಿದಳು. ಅಂಗಾಲಿನ ಮುಂಭಾಗದಲ್ಲಿ ರೂಪಾಯಿ ಅಗಲದ ಬೊಬ್ಬೆ ಒಡೆದು ನೀರು ಸೋರುತ್ತಿತ್ತು.

"ನೋವಾಗ್ತಿಲ್ವಾ?"

"ಇಲ್ವಲ್ಲೇ," ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬೇರೆ ಥರ ಕೇಳಿಸಿತು. ಬೆರಳು ಹೋಗುವ ಮುಂಚೆ ಅಪ್ಪನೂ ಅದನ್ನೇ ಹೇಳುತ್ತಿದ್ದರು. ಜಗತ್ತಿನ ಸಮಸ್ತಕ್ಕೂ ಚಿಂತೆ ಮಾಡಿದವನು ಇದೊಂದಕ್ಕೆ ಚಿಂತೆ ಮಾಡಲು ಮರೆತಿದ್ದೆ.

ಮರುದಿನ ಡಾಕ್ಟರಮ್ಮ ಗಾಯಕ್ಕೆ ಔಷಧ ಹಾಕಿ ಪಟ್ಟಿ ಕಟ್ಟಿದರು. ಆಮೇಲೆ ನನ್ನನ್ನು ಮಲಗಿಸಿ ಒಂದು ನೈಲಾನ್ ಎಳೆ ತೆಗೆದುಕೊಂಡರು. "ಕಣ್ಣು ಮುಚ್ಚಿ ಸಾರ್. ಪಾದಕ್ಕೆ ಇದು ತಾಗಿದಾಗ ಹೂಂ ಅನ್ನಿ." ಎಡಗಾಲು ಸರಾಗವಾಗಿ ಮುಗಿಯಿತು. ಬಲಗಾಲಿಗೆ ಬಂದಾಗ ಬಹಳ ಹೊತ್ತು ಏನೂ ಆಗಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಹಾಳೆ ಖಾಲಿ ಬಿಡದ ಅಭ್ಯಾಸ ನನ್ನದು. ಅಂದಾಜಿನ ಮೇಲೆ "ಹೂಂ" ಎಂದೆ. ಸ್ವಲ್ಪ ಬಿಟ್ಟು ಇನ್ನೊಂದು "ಹೂಂ."

"ಸಾರ್," ಎಂದರು ಆಕೆ, "ನಾನು ಇನ್ನೂ ಮುಟ್ಟೇ ಇಲ್ಲ."

ಜೊತೆಗೆ ಬಂದಿದ್ದ ಹೆಂಡತಿ ನಕ್ಕಳು. ನಕ್ಕು ಕಿಟಕಿಯ ಕಡೆ ತಿರುಗಿದಳು.

ಆಮೇಲೆ ಆಕೆ ಮುಟ್ಟಿದ್ದು ನನಗೆ ತಿಳಿಯಲೇ ಇಲ್ಲ. ಬಲಗಾಲಿನ ಮುಂಭಾಗದಲ್ಲಿ ಸ್ಪರ್ಶ ಸಾಕಷ್ಟು ಹೋಗಿತ್ತು. ಕಾಯಿಲೆ ಗೊತ್ತಾಗುವುದಕ್ಕೆ ಮೊದಲೇ ಒಳಗೊಳಗೆ ಶುರುವಾಗಿದ್ದಿರಬೇಕಂತೆ. ಬೆರಳಿಗೆ ಸದ್ಯ ಏನೂ ಆಗಿಲ್ಲ, ಆದರೆ ಇಂಥದೊಂದು ಗಾಯ ಹುಣ್ಣಾದರೆ ಹೇಳಲಾಗದು ಎಂದರು. ನಡಿಗೆಯಿಂದ ಸಕ್ಕರೆ ಚೆನ್ನಾಗಿ ಇಳಿದಿತ್ತು, ಹುಗ್ಗಿಯ ಹೊರತಾಗಿಯೂ. "ನಡೆದದ್ದು ಸರಿ ಸಾರ್. ಬರಿಗಾಲಲ್ಲಿ ನಡೆದದ್ದು ತಪ್ಪು. ಗಾಯ ಪೂರ್ತಿ ಮಾಯಲಿ, ಆಮೇಲೆ ಷೂ ಹಾಕ್ಕೊಂಡು ನಡೀರಿ. ಹಾಕೋ ಮುಂಚೆ ಷೂ ಒಳಗೆ ಕೈಯಾಡಿಸಿ ನೋಡಿ. ದಿನಾ ರಾತ್ರಿ ಅಂಗಾಲು ನೋಡ್ಕೊಳಿ."

ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಷೂ ಹಾಕಿಕೊಂಡು ಮಠದ ಒಳಗೆ ಹೋಗುವ ಹಾಗಿಲ್ಲ. ಗೇಟಿನ ಹೊರಗೆ ಸಿಕ್ಕ ಮಾಮಿಗೆ ಕಾಲು ಸುಟ್ಟ ಕಥೆ ಹೇಳಿದೆ, ಕಾರಣ ಸಮೇತ. ಅವರು ನನ್ನ ಬಿಳಿ ಷೂಗಳನ್ನು ಮರುಕದಿಂದ ನೋಡಿದರು. "ನನ್ನದೇ ದೃಷ್ಟಿ ತಾಗಿರಬೇಕು ಕಣಪ್ಪಾ. ಹಾಗೆ ಬಾಯಿ ತುಂಬ ಹೊಗಳಬಾರದಿತ್ತು." ಭಕ್ತನ ಪಟ್ಟ ಅಲ್ಲಿಗೆ ಇಳಿಯಿತು. ಮಗಳ ಮದುವೆ ಮಾತುಕತೆ ಮಾತ್ರ ಇನ್ನೂ ನಡೆದಿದೆಯಂತೆ.

ಈಗ ನಾಯಿ, ಗುಂಡಿ, ಪಾಚಿ ಎಲ್ಲದರ ನಡುವೆ ಬೀದಿಯಲ್ಲೇ ನಡೆಯುತ್ತೇನೆ. ನನ್ನನ್ನು ನಂಬದ ಹೆಂಡತಿಯೂ ಜೊತೆಗೆ ಬರುತ್ತಾಳೆ. ಮೊದಲ ವಾರದಲ್ಲೇ ಒಂದು ಬೆಳಿಗ್ಗೆ, ಬಸ್ ಸ್ಟಾಪಿನ ಹತ್ತಿರ ನನ್ನ ಎಡಗಾಲಿಗೆ ಏನೋ ಚುಚ್ಚಿತು. ನಡುರಸ್ತೆಯಲ್ಲಿ ನಿಂತುಬಿಟ್ಟೆ.

"ಚುಚ್ಚಿತು ಕಣೇ! ನನ್ನ ಕಾಲಿಗೆ ಚುಚ್ಚಿತು!"

ಬಸ್ಸಿಗೆ ಕಾದಿದ್ದ ಇಬ್ಬರು ನನ್ನಿಂದ ದೂರ ಸರಿದರು. ಬೆಂಚಿನ ಮೇಲೆ ಕೂತು ಷೂ ಬಿಚ್ಚಿ ಕೊಡವಿದೆ. ಸಾಸಿವೆಯಷ್ಟು ಮರಳಿನ ಹರಳು. ಅದನ್ನು ಅಂಗೈಯಲ್ಲಿಟ್ಟು ಅವಳಿಗೆ ತೋರಿಸಿದೆ, ಉಂಗುರದಿಂದ ಬಿದ್ದ ವಜ್ರ ಸಿಕ್ಕವನ ಹಾಗೆ.

"ಮನೇಲಿ ಕೈಯಾಡಿಸಿ ನೋಡಿದ್ರಾ, ಹಾಗೇ ಹಾಕ್ಕೊಂಡ್ರಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಅವಳು ಬಲಗಾಲಿನ ಷೂ ಎಳೆದು ಬೋರಲು ಹಾಕಿದಳು. ಟಕ್ ಎಂದು ಒಂದು ಹುಣಸೆಬೀಜ ಬಿತ್ತು. ಬಾಲ್ಕನಿಯಲ್ಲಿ ಹುಣಸೆಹಣ್ಣು ಒಣಹಾಕಿದ್ದಳು, ಷೂ ಇಡುವುದೂ ಅಲ್ಲೇ.

ಇಬ್ಬರೂ ಆ ಬೀಜವನ್ನು ನೋಡಿದೆವು. ಕಾಲುಗಂಟೆಯಿಂದ ಅದರ ಮೇಲೆ ನಡೆದು ಬಂದಿದ್ದೆ. ಅವಳು ಕಾಲುಚೀಲ ತೆಗೆದು, ಕನ್ನಡಕ ಏರಿಸಿಕೊಂಡು, ಎಲ್ಲರ ಎದುರೇ ನನ್ನ ಬಲ ಅಂಗಾಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚರ್ಮ ಒಡೆದಿರಲಿಲ್ಲ.

"ಒಂದು ಕಾಲಾದ್ರೂ ಹೇಳಿತಲ್ಲ," ಎಂದಳು. "ಏಳಿ, ಇನ್ನೂ ಕಾಲುಗಂಟೆ ಇದೆ."

ಅಂದಿನಿಂದ ಅವಳು ನನ್ನ ಬಲಗಡೆಗೇ ನಡೆಯುತ್ತಾಳೆ. ಅದರಿಂದ ಏನು ಪ್ರಯೋಜನ ಎಂದು ನಾನು ಕೇಳಿಲ್ಲ.