ಬಿಳಿ ಬಣ್ಣವಿಲ್ಲದೆ ಬರೆದ ಬಿಳಿ ಎತ್ತು

ಆಯಿಗೆ ಎತ್ತಿನ ಚಿತ್ರ ಬೇಕಿತ್ತು. ದೇವರದ್ದಲ್ಲ, ತೀರಿಹೋದ ಅಜ್ಜನದ್ದೂ ಅಲ್ಲ. ಕಮಲಾಪುರದ ನಮ್ಮ ಕೊಟ್ಟಿಗೆಯಲ್ಲಿದ್ದ ಬಿಳಿ ಎತ್ತಿನದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಪೊರೆ ಬಂದು ಆಕೆಯ ಬಲಗಣ್ಣು ಆಗಲೇ ಮುಚ್ಚಿಹೋಗಿತ್ತು, ಎಡಗಣ್ಣೂ ಅದೇ ಹಾದಿ ಹಿಡಿದಿತ್ತು. ಕಲಬುರಗಿಯ ದವಾಖಾನೆಯಲ್ಲಿ ಪೊರೆ ತೆಗೆಯುತ್ತಾರೆ ಎಂದು ನಾನು ಕಾರಣಸಹಿತ ವಾದಿಸಿದೆ. “ಕಣ್ಣಿಗಿ ಚಾಕು ಹಚ್ಚಗೊಡಂಗಿಲ್ಲ,” ಎಂದು ಆಕೆ ಒಂದೇ ಮಾತಿನಲ್ಲಿ ನನ್ನ ವಾದ ಮುಗಿಸಿದಳು. “ನೀ ಚಿತ್ರಾ ಬರಿಯಾಕ ಕಲೀಲಾಕತ್ತಿ ಅಂತಲ್ಲ? ಇದೊಂದು ಕಣ್ಣು ಇರೂತನಕ ನನ್ನ ಬಿಳಿ ಎತ್ತು ಒಮ್ಮಿ ತೋರ್ಸು, ತಮ್ಮಾ. ಆಮ್ಯಾಲ ಕತ್ತಲಾದ್ರ ಆಗ್ಲಿ.”

ಆ ಎತ್ತಿನ ಮೇಲೆ ಆಕೆಗೆ ಯಾಕಷ್ಟು ಜೀವ ಎಂದು ಹೇಳಬೇಕು. ನಿಜಾಮನ ಪರವಾದ ರಜಾಕಾರರ ಹಾವಳಿ ಹೆಚ್ಚಾದ ವರ್ಷ ನಾವು ಒಂದು ಬೆಳಗಿನ ಜಾವ ಕಮಲಾಪುರ ಬಿಟ್ಟು, ಬಂಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆಯ ಗಡಿಗೆ ಓಡಿದೆವು. ಜೊತೆಯ ಕಂದು ಎತ್ತು ಎರಡನೆಯ ದಿನವೇ ಕುಂಟತೊಡಗಿತು. ಉಳಿದ ದಾರಿಯ ಭಾರವನ್ನೆಲ್ಲ ಈ ಬಿಳಿಯದೇ ತನ್ನ ಹೆಗಲಿಗೆ ಎಳೆದುಕೊಂಡಿತು. ಬಂಡಿಯಲ್ಲಿ ಆಯಿ, ನನ್ನ ಅವ್ವ, ತಂಗಿ, ಎರಡು ಚೀಲ ಜೋಳ. ಯಾರಿಗೂ ಒಂದು ತರಚುಗಾಯವಾಗಲಿಲ್ಲ. ಭಾರತದ ಸೇನೆಯ ಪೊಲೀಸ್ ಆ್ಯಕ್ಷನ್ ಮುಗಿದು ನಾವು ಊರಿಗೆ ಮರಳಿದ ಮರುಬೇಸಿಗೆಯಲ್ಲಿ ಎತ್ತು ವಯಸ್ಸಾಗಿ ಸತ್ತಿತು. ಆಯಿ ಮೂರು ದಿನ ಊಟ ಮಾಡಲಿಲ್ಲ. ಪ್ರಾಣಿಗೆ ಇಷ್ಟು ಅಳುವುದು ತರ್ಕಕ್ಕೆ ಸರಿಯಲ್ಲ ಎಂದು ನಾನು ಅಂದೆನಂತೆ. ಅವ್ವ ಈಗಲೂ ಅದನ್ನು ನೆನಪಿಸಿ ಬಯ್ಯುತ್ತಾಳೆ.

ನಾನು ಅಂಥವನೇ. ಕಲಬುರಗಿಯ ಕಾಲೇಜಿನ ಚರ್ಚಾಕೂಟದಲ್ಲಿ ಎರಡು ವರ್ಷ ಎದುರುಪಕ್ಷವನ್ನು ಕೆಡವಿದವನು; ಪುರಾವೆಯಿಲ್ಲದ ಯಾವ ಮಾತನ್ನೂ ಒಪ್ಪದವನು. ನನಗೆ ಜಲವರ್ಣ ಕಲಿಸುತ್ತಿದ್ದ ಉಸ್ತಾದರಿಗೆ ಇದೇ ದೊಡ್ಡ ತಮಾಷೆಯಾಗಿತ್ತು. ಅವರು ಕಲಬುರಗಿಯ ಮುಸಲ್ಮಾನರ ಓಣಿ ಮೋಮಿನಪುರದವರು. ಮೊದಲು ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು, ಆಗ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಉರ್ದು ಬೋರ್ಡುಗಳೆಲ್ಲ ಕನ್ನಡಕ್ಕೆ ತಿರುಗುತ್ತಿದ್ದ ಕಾಲ ಅದು. ಅವರಿಗೆ ನಾನು ಕನ್ನಡ ಅಕ್ಷರಗಳ ಮಾದರಿ ಬರೆದುಕೊಡುತ್ತಿದ್ದೆ, ಅವರು ನನಗೆ ಬ್ರಶ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು ‘ವಕೀಲಸಾಬ್’ ಎಂದು.

ನಮ್ಮ ಜಗಳವೆಲ್ಲ ಬಿಳಿಯದೇ. ಬೋರ್ಡಿಗೆ ಅವರ ಬಳಿ ಡಬ್ಬಿಗಟ್ಟಲೆ ಬಿಳಿ ಇತ್ತು. ಕಾಗದದ ಕೆಲಸಕ್ಕೆ ಮಾತ್ರ ಒಂದು ಹನಿಯನ್ನೂ ಮುಟ್ಟಗೊಡುತ್ತಿರಲಿಲ್ಲ.

“ಕೆಂಪಿಗಿ ಕೆಂಪು ಬಣ್ಣ ಬೇಕು, ನೀಲಿಗಿ ನೀಲಿ ಬೇಕು, ಬಿಳಿಗಿ ಮಾತ್ರ ಯಾಕ ಬ್ಯಾಡರೀ ಉಸ್ತಾದ?” ಎಂದು ನಾನು ಕೇಳಿದೆ. “ಇದು ಪಕ್ಷಪಾತ.”

“ಕಾಗದ ಯಾವ ರಂಗಿಂದು, ವಕೀಲಸಾಬ್?”

“ಬಿಳೀದು.”

“ಮತ್ತ? ಇದ್ದದ್ದು ಇಟಗೊಳ್ಳಾಕ ಬರಂಗಿಲ್ಲ ನಿಮಗ. ಎಲ್ಲಾ ಮುಚ್ಚಿ, ಆಮ್ಯಾಲ ಮ್ಯಾಲಿಂದ ತರ್ತೀರಿ.”

“ಬರೀದೇ ಇದ್ದದ್ದು ಚಿತ್ರ ಹ್ಯಾಂಗ ಆಗ್ತದ? ನಾನು ಬಾಯಿ ಮುಚ್ಚಿಕೊಂಡು ನಿಂತ್ರ ಭಾಷಣ ಆಗ್ತದೇನು?”

“ಯಾ ಅಲ್ಲಾ, ಒಂದಿನ ನಿಂತು ನೋಡ್ರಿ!” ಎಂದು ಅವರು ನಕ್ಕರು. ಅವರ ಹೆಂಡತಿ ಒಳಗಿನಿಂದಲೇ ನಕ್ಕದ್ದು ನನಗೆ ಕೇಳಿಸಿತು.

ನನಗೆ ಅದು ಉತ್ತರವೆನಿಸಲಿಲ್ಲ. ಚರ್ಚೆಯಲ್ಲಿ ನಗಿಸಿ ತಪ್ಪಿಸಿಕೊಳ್ಳುವವರನ್ನು ನಾನು ಬಹಳ ನೋಡಿದ್ದೆ.

ರಜೆಗೆ ಕಮಲಾಪುರಕ್ಕೆ ಹೋದಾಗ ಆಯಿಯ ಚಿತ್ರಕ್ಕೆ ಕೈಹಾಕಿದೆ. ಪಡಸಾಲೆಯಲ್ಲಿ ಕಾಗದ ಹರಡಿ, ಎತ್ತಿನ ಗೆರೆ ಎಳೆದು, ಹಿಂದೆ ಸಂಜೆಯ ಬಿಸಿಲು ಹಾಕತೊಡಗಿದೆ. ಅರ್ಧಕ್ಕೆ ಹಳದಿ ತೀರಿತು. ಅಡುಗೆಮನೆಗೆ ಹೋಗಿ ಅರಿಶಿನ ಕಲಸಿಕೊಂಡು ಬಂದೆ. ಬಣ್ಣವೇನೋ ಸೊಗಸಾಗಿ ಬಂತು, ಆದರೆ ನೀರು ಹೆಚ್ಚಾಗಿ ಅದು ಎತ್ತಿನ ಬೆನ್ನಿನೊಳಗೆ ಹರಿಯಿತು. ಪರವಾಗಿಲ್ಲ, ಮೇಲೆ ಬಿಳಿ ಹಚ್ಚಿದರಾಯಿತು ಎಂದುಕೊಂಡೆ. ಬಿಳಿ ಎಲ್ಲಿದೆ? ಆಯಿಯ ಎಲೆಯಡಿಕೆಯ ಡಬ್ಬಿಯಲ್ಲಿದೆ. ಬ್ರಶ್ಶನ್ನು ಸುಣ್ಣದಲ್ಲಿ ಅದ್ದಿ ಎತ್ತಿನ ಬೆನ್ನುದ್ದಕ್ಕೂ ಎಳೆದೆ.

ಎಳೆದಲ್ಲೆಲ್ಲ ಕೆಂಪು ಎದ್ದಿತು. ತಿಳಿಗೆಂಪಲ್ಲ, ಹಸಿ ರಕ್ತದ ಕೆಂಪು.

ಅವ್ವ ಬಾಗಿಲಲ್ಲಿ ನಿಂತು ನೋಡಿದವಳು ಸೆರಗು ಬಾಯಿಗೆ ಹಚ್ಚಿ ನಗಲಿಕ್ಕೆ ಹತ್ತಿದಳು. “ಅಯ್ಯ ನನ್ನ ಶಾಣ್ಯಾ, ಅರಿಶಿಣಕ್ಕ ಸುಣ್ಣಾ ಹಾಕಿ ಆರತಿ ನೀರು ಮಾಡೀಯಲ್ಲೋ! ಮನಿಗಿ ಬಂದ ಪ್ರತಿ ಸೊಸಿಗಿ ಗೊತ್ತದ ಇದು. ಕಾಲೇಜಿನ್ಯಾಗ ಕಲಿಸಲಿಲ್ಲೇನು?”

ಹುಟ್ಟಿದಾಗಿನಿಂದ ನೂರು ಸಲ ಆ ಕೆಂಪು ನೀರಿನ ಆರತಿ ಎತ್ತಿಸಿಕೊಂಡಿದ್ದೇನೆ. ಅದು ಹೇಗೆ ಕೆಂಪಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುವ ಮನುಷ್ಯ ನಾನು! ನಿಂಬೆಹಣ್ಣು ಹಿಂಡು, ಹೋಗುತ್ತದೆ ಎಂದಳು ಅವ್ವ. ಹಿಂಡಿದೆ. ಕೆಂಪು ಮತ್ತೆ ಹಳದಿಯಾಯಿತು. ಬಿಳಿ ಮಾತ್ರ ಬರಲಿಲ್ಲ. ಒಮ್ಮೆ ಹೋದ ಕಾಗದದ ಬಿಳಿ ಯಾವ ಹಣ್ಣು ಹಿಂಡಿದರೂ ಬರುವಂಥದ್ದಾಗಿರಲಿಲ್ಲ.

ಅಷ್ಟರಲ್ಲಿ ಆಯಿ ಗೋಡೆ ಹಿಡಿದುಕೊಂಡು ಬಂದು ಬಗ್ಗಿದಳು. ನಿಂಬೆರಸ ತಾಗದೆ ಉಳಿದಿದ್ದ ಒಂದು ಕೆಂಪು ಪಟ್ಟೆ ಆಕೆಯ ಎಡಗಣ್ಣಿಗೆ ಬಿತ್ತು.

“ಇದೇನೋ ಕೆಂಪಗ? ರಗತಾ ಬರದೀಯೇನು?”

“ಇಲ್ಲ ಆಯಿ, ಬಣ್ಣ ತಪ್ಪಾಯ್ತು.”

“ಅದಕ್ಕ ಗಾಯ ಆಗಿದ್ದಿಲ್ಲ ತಮ್ಮಾ. ನಮ್ಮಾಗ ಯಾರಿಗೂ ಆಗಗೊಡಲಿಲ್ಲ ಅದು. ಈ ಹಾಳಿ ತಗಿ.” ಅವ್ವನ ನಗು ಅಲ್ಲಿಗೇ ನಿಂತಿತು. ಬಾಗಿಲವರೆಗೆ ಹೋದ ಆಯಿ ತಿರುಗಿ, “ಜಲ್ದಿ ಮಾಡು. ನಿನ್ನ ಮಾರೀನ ಈಗ ಮಸಕ ಮಸಕ ಕಾಣ್ತದ,” ಎಂದಳು.

ಮರುದಿನವೇ ಬಸ್ಸು ಹಿಡಿದು ಕಲಬುರಗಿಗೆ ಬಂದು, ಆ ಹಾಳೆಯನ್ನು ಉಸ್ತಾದರ ಮುಂದೆ ಇಟ್ಟೆ. ಅವರು ಮೂಸಿ ನೋಡಿದರು. “ಬಿರ್ಯಾನಿ ಮಸಾಲಿ ಹಾಕೀರೇನು ಎತ್ತಿಗಿ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಎತ್ತಿನ ಕಥೆಯನ್ನೂ ಆಯಿಯ ಕಣ್ಣಿನ ಕಥೆಯನ್ನೂ ಹೇಳಿದೆ. ನಾವು ಯಾರಿಗೆ ಹೆದರಿ ಓಡಿದೆವೆಂದು ಹೇಳುವಾಗ ನಾಲಿಗೆ ತಡವರಿಸಿತು; ಆದರೂ ಹೇಳಿದೆ, ಕೇಳಿಯೂಬಿಟ್ಟೆ: “ಈ ಎತ್ತಿನ ಚಿತ್ರಕ್ಕ ನೀವು ಸಹಾಯ ಮಾಡ್ತೀರೇನ್ರೀ?”

ಉಸ್ತಾದರು ಬಹಳ ಹೊತ್ತು ಬ್ರಶ್ ತೊಳೆದರು.

“ಹೆದರಿ ಓಡೂದು ನಿಮಗ ಗೊತ್ತದ. ಹೆದರಿ ಕುಂದ್ರೂದು ನನಗ ಗೊತ್ತದ,” ಎಂದರು. “ಪೊಲೀಸ್ ಆ್ಯಕ್ಷನ್ ಆದಮ್ಯಾಲ ಹದಿನೈದು ದಿನ ನಾವು ಈ ಬಾಗಲಾ ತಗೀಲಿಲ್ಲ. ಹಿಂದಿನ ಮನಿ ಅಕ್ಕೋರು, ನಿಮ್ಮ ಮಂದೀನ, ದಿನಾ ಗ್ವಾಡಿ ಮ್ಯಾಲಿಂದ ರೊಟ್ಟಿ ಕೊಟ್ರು. ಆಕಿ ನನಗ ಸವಾಲ್ ಕೇಳಲಿಲ್ಲ, ವಕೀಲಸಾಬ್. ಹೊಸಾ ಕಾಗದ ತಗೋರಿ.”

ಕಾಗದ ತೆಗೆದುಕೊಂಡೆ.

“ಎತ್ತು ಬರೀಬ್ಯಾಡ್ರಿ,” ಎಂದರು. “ಎತ್ತಿನ ಸುತ್ತ ಏನಿತ್ತು, ಅದು ಬರೀರಿ. ನೀವು ಹೊಂಟಾಗ ಆಸಮಾನ ಹ್ಯಾಂಗಿತ್ತು?”

“ಇನ್ನಾ ಬೆಳಗಾಗಿದ್ದಿಲ್ಲ. ಮೋಡ ಇತ್ತು.”

“ಮತ್ತ ನಿಮ್ಮ ಚಿತ್ರದಾಗ ಹಳದಿ ಬಿಸಿಲು ಎಲ್ಲಿಂದ ಬಂತು?”

ಕಟಕಟೆಯಲ್ಲಿ ಸಿಕ್ಕಿಬಿದ್ದ ಸಾಕ್ಷಿಯಂತೆ ನಾನು ತಡಬಡಿಸಿದೆ. ಚಂದ ಕಾಣಲೆಂದು ಸುಳ್ಳು ಬಿಸಿಲು ಹಾಕಿದ್ದೆ. ಅವರು ಬಿಡಲಿಲ್ಲ. ಹಿಂದೆ ಯಾವ ಗಿಡವಿತ್ತು? ಜಾಲಿ. ನೆಲ? ಎರೆಭೂಮಿ, ಹಿಂದಿನ ದಿನದ ಮಳೆಗೆ ಕಪ್ಪಗೆ ನೆನೆದಿತ್ತು. ಎತ್ತು ಯಾವ ಕಡೆ ಮುಖ ಮಾಡಿತ್ತು? ಪಡುವಣಕ್ಕೆ. ನಾನು ಮರೆತಿದ್ದೇನೆಂದುಕೊಂಡದ್ದನ್ನೆಲ್ಲ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಹೊರಗೆ ತೆಗೆದರು.

ಕೆಲಸ ಹೀಗಿತ್ತು: ಎತ್ತಿನ ಮೈಯ ಜಾಗ ಒಣಗಿಯೇ ಇರಬೇಕು, ಸುತ್ತಲಿನ ಕಾಗದವನ್ನಷ್ಟೇ ಒದ್ದೆ ಮಾಡಬೇಕು. ಒದ್ದೆಯಿದ್ದಷ್ಟಕ್ಕೇ ಬಣ್ಣ ಓಡುತ್ತದೆ, ಒಣಗಿದ ಅಂಚಿಗೆ ಬಂದು ನಿಲ್ಲುತ್ತದೆ. ಕಪ್ಪುನೀಲಿಯ ಮೋಡ, ಜಾಲಿಯ ನೆರಳು, ಎರೆಮಣ್ಣು. ಹೊಟ್ಟೆಯ ಕೆಳಗೆ ಮಾತ್ರ ತಿಳಿನೀಲಿಯ ಒಂದು ನೆರಳು, ನೀರಿಗಿಂತ ಸ್ವಲ್ಪವೇ ಗಟ್ಟಿ. ಕೊಂಬುಗಳನ್ನು ನಾನು ಬರೆಯಲೇ ಇಲ್ಲ. ಜಾಲಿಯ ಕಪ್ಪಿನ ನಡುವೆ ಅವುಗಳ ಜಾಗ ಬಿಟ್ಟೆ, ಎಡಗೊಂಬಿನ ಬಾಗು ಸಹಿತ. ಉಸ್ತಾದರು ಒಮ್ಮೆಯೂ ನನ್ನ ಕಾಗದ ಮುಟ್ಟಲಿಲ್ಲ. ಬೆನ್ನಿನ ಹತ್ತಿರ ಬಂದಾಗ ಮಾತ್ರ ನನ್ನ ಕೈ ಹಿಡಿದರು.

“ಬಸ್. ಇಲ್ಲಿ ನಿಲ್ರಿ.”

“ಇಲ್ಲಿ ಮೋಡ ಹರದು ಬೆಳ್ಳಗಾಗೇದ, ಬೆನ್ನೂ ಬಿಳಿ. ಗೆರಿ ಎಳೀದಿದ್ರ ಬೆನ್ನು ಎಲ್ಲದಂತ ಯಾರಿಗಿ ಗೊತ್ತಾಗ್ತದ?”

“ನೋಡಿದವ್ರಿಗಿ ಗೊತ್ತಾಗ್ತದ.”

ಪುರಾವೆಯಿಲ್ಲದ ಮಾತು. ಹಾಗಂತ ಹೇಳಿಯೂ ಹೇಳಿದೆ. ಆದರೆ ಬ್ರಶ್ ಕೆಳಗಿಟ್ಟೆ.

ಕಮಲಾಪುರದಲ್ಲಿ ಆಯಿಯನ್ನು ತಲಬಾಗಿಲ ಹೊಸ್ತಿಲ ಬಳಿ, ಬೆಳಕು ಬರುವ ಕಡೆಗೆ ಕೂಡಿಸಿ ಹಾಳೆಯನ್ನು ಕೈಗೆ ಕೊಟ್ಟೆ. ಆಕೆ ಹತ್ತಿರ ಹಿಡಿದಳು, ದೂರ ಹಿಡಿದಳು, ತಲೆ ಓರೆ ಮಾಡಿದಳು.

“ಬರೇ ಕತ್ತಲ ಅದಲ್ಲೋ,” ಎಂದಳು. ತಡವಾಗಿಹೋಯಿತು, ಕಣ್ಣು ಹೋಯಿತು ಎಂದುಕೊಂಡೆ. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ.

“ತಡಿ. ನಡುವ ಬೆಳ್ಳಗ... ತಡಿ, ತಡಿ.” ಹಾಳೆಯನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದಳು. “ಬಂತು. ಎಡಗೊಂಬು ಬಾಗೇದ. ಇದು ನನ್ನದ, ಹೌದು.”

ಆಮೇಲೆ ಆಕೆ ತೋರುಬೆರಳನ್ನು ಹೆಗಲಿನ ಮೇಲಿಟ್ಟು ಬಾಲದವರೆಗೆ ಮೆಲ್ಲಗೆ ಎಳೆದಳು. ಸವರಿದ್ದು ಸರಿಯಾಗಿ ಬೆನ್ನಿನ ಮೇಲೆಯೇ, ನಾನು ಗೆರೆ ಎಳೆಯದೆ ಬಿಟ್ಟ ಜಾಗದಲ್ಲಿ. ಸಣ್ಣ ಗೆರೆಗಳು ಆಕೆಗೆ ಕಾಣುತ್ತಲೇ ಇರಲಿಲ್ಲ ಎಂಬುದು ನನಗೆ ಆಗಷ್ಟೇ ಹೊಳೆಯಿತು. ಆ ಮಸುಕು ಕಣ್ಣಿಗೆ ಉಳಿದಿದ್ದದ್ದು ಕತ್ತಲು ಮತ್ತು ಬೆಳಕು, ಅಷ್ಟೇ. ನಾನು ಹಟ ಮಾಡಿ, ಸುತ್ತ ಕತ್ತಲು ತುಂಬದೆ, ಬಿಳಿಯ ಮೇಲೆ ಬಿಳಿ ಬಳಿದಿದ್ದರೆ ಆಕೆ ಎತ್ತನ್ನು ಕಾಣದೆಯೇ ಹೋಗುತ್ತಿದ್ದಳು.

“ಒಂದ ಗಾಯ ಇಲ್ಲ ನೋಡು ಮೈಮ್ಯಾಗ,” ಎಂದು ಅವ್ವನಿಗೆ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ನಿನಗ ಕಲಿಸಿದವ್ರು ಯಾರೋ?” ಎಂದು ಕೇಳಿದಳು.

ಮೋಮಿನಪುರದವರು ಎಂದೆ. ಬೆರಳು ಇನ್ನೂ ಎತ್ತಿನ ಬೆನ್ನ ಮೇಲೆಯೇ ಇತ್ತು. “ತ್ವಾಟದಾಗ ಬಾಳಿಗೊನಿ ಹಣ್ಣಾಗ್ಯಾವ,” ಎಂದಳು ಆಯಿ. “ಚಲೋದೊಂದು ನೋಡಿ ಒಯ್ಯಿ. ನಾ ಕೊಟ್ಟೀನಿ ಅಂತ ಹೇಳು.”

ಆ ಚಳಿಗಾಲ ಮುಗಿಯುವುದರೊಳಗೆ ಎಡಗಣ್ಣೂ ಹೋಯಿತು. ಆಕೆ ಅದಕ್ಕಾಗಿ ಅತ್ತದ್ದನ್ನು ನಾನು ನೋಡಲಿಲ್ಲ. ಹಾಳೆ ಈಗಲೂ ಆಕೆಯ ಹಾಸಿಗೆಯ ಎದುರಿನ ಗೋಡೆಯ ಮೇಲಿದೆ. ಬಂದವರಿಗೆಲ್ಲ ಅದರ ಕಡೆ ಕೈಮಾಡಿ ಎಡಗೊಂಬಿನ ವಿಷಯ ಹೇಳುತ್ತಾಳೆ.

ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನು ಬಸ್ಸಿನ ಮೇಲೆ ಹೇರಿಕೊಂಡು ಮೋಮಿನಪುರಕ್ಕೆ ಒಯ್ದೆ. ಆಯಿ ಕೊಟ್ಟದ್ದು ಎಂದು ಹೇಳಿದೆ, ಆಕೆಯ ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತೆಂದೂ ಹೇಳಿದೆ. ಉಸ್ತಾದರು ಒಂದು ಹಣ್ಣು ಸುಲಿದು ಅರ್ಧವನ್ನು ಹೆಂಡತಿಗೆ ಕೊಟ್ಟು, ಉಳಿದರ್ಧ ತಿನ್ನುತ್ತ ನನ್ನನ್ನು ನೋಡಿದರು.

“ಹಂಗಾದ್ರ ಕೇಸ್ ಏನಾಯ್ತು, ವಕೀಲಸಾಬ್?”

“ಸೋತೆ,” ಎಂದೆ. ಯಾವ ವೇದಿಕೆಯ ಮೇಲೂ ನಾನು ಆಡಿರದ ಮಾತು ಅದು. ಆಡಿದ ಮೇಲೆ ಅವರ ಎದುರಿಗೆ ಕೂತು, ನನ್ನ ಪಾಲಿನ ಹಣ್ಣು ತಿಂದೆ.