ನಮ್ಮನಿಯವರು ಮಾಡಿದ ನೈಜೀರಿಯಾದ ಸಾರು

ಗೆಳತ್ಯಾರ, ಇವತ್ತ ನಮ್ಮನಿಯವರು ತಾವ ಒಲಿ ಮುಂದ ಕುಂತ್ರು. ಎರಡನೇ ಮಹಾಯುದ್ಧದಾಗ ಫೌಜಿನ್ಯಾಗ ಇದ್ದಾಗ ಬರ್ಮಾದೊಳಗ ಒಬ್ಬ ನೈಜೀರಿಯಾದ ಸಿಪಾಯಿ ಕಲಿಸಿದ ತಪ್ಪಲಪಲ್ಯದ ಸಾರಂತ. ಅವರ ಕಡಿ ತಪ್ಪಲ ಸೊಲ್ಲಾಪುರದ ಬಜಾರದಾಗ ಎಲ್ಲಿ ಸಿಗಬೇಕು? ಪಾಲಕ, ಅರದ ಶೇಂಗಾ, ಒಣಮೀನ ಕೂಡಿಸಿ ಕುದಿಸಿದ್ರು. ಪಾಲಕ ಸೋಸಿ, ಶೇಂಗಾ ಅರದು ಕೊಟ್ಟಾಕಿ ನಾನು.

ಅತ್ತಿಯವರು ಎರಡು ಸಲ ನೀಡಿಸಿಕೊಂಡು, "ನನ್ನ ಮಗನ ಕೈಯಾಗ ರುಚಿ ಐತಿ, ನೀ ನೋಡಿ ಕಲಿ" ಅಂದ್ರು. ಹನ್ನೆರಡು ವರ್ಷ ನನ್ನ ಪುಂಡಿಪಲ್ಯ ಉಂಡಾರ, ಒಂದಿನಾನೂ ಛಲೋ ಆಗೇತಿ ಅಂದಿಲ್ಲ. ನನ್ನ ಹೊಟ್ಟಿ ಉರೀತು. "ನನಗ ಹಸಿವಿಲ್ರಿ" ಅಂದೆ.

ಎಲ್ಲಾರೂ ಉಂಡೆದ್ದ ಮ್ಯಾಲ ಅಡಗಿಮನಿ ಬಾಗಿಲಾ ಮುಂದ ಮಾಡಿ, ರೊಟ್ಟಿಲೆ ಗಡಗಿ ಬಳದು ಬಳದು ತಿಂದೆ. ಪಡಸಾಲಿಯಿಂದ ಅತ್ತಿಯವರು ಕೇಳಿದ್ರು, "ಗಡಗಿ ತೊಳದೇನ?"

"ತೊಳ್ಯೂವಂಥಾದ್ದು ಏನೂ ಉಳದಿಲ್ರಿ" ಅಂದೆ.