ಕಿವಿ ಮುಟ್ಟಿದ ಕೈ

ಹೋದ ಸೋಮವಾರ ನನ್ನ ಚಿಕ್ಕ ಮಗಳ ಕೈ ಅವಳ ಕಿವಿ ಮುಟ್ಟಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ.

ಯಾವ ಕೈ, ಯಾವ ಕಿವಿ ಅಂತ ಬಿಡಿಸಿ ಹೇಳಬೇಕಾ? ಶಾಲೆಗೆ ಸೇರುವ ದಿನ ಈ ಪರೀಕ್ಷೆ ನೀವೂ ಕೊಟ್ಟವರೇ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಗಿದೆ, ಬಾ, ಕೂತ್ಕೋ. ಮುಟ್ಟದಿದ್ದರೆ ಮನೆಗೆ ಹೋಗಿ ಇನ್ನೊಂದು ವರ್ಷ ಉಂಡು ಬಾ. (ಹುಟ್ಟಿದ ತಾರೀಖು ಬರೆದಿಡುವ ಅಪ್ಪಂದಿರು ನಮ್ಮ ಕಡೆ ಎಷ್ಟು ಜನ ಇದ್ದಾರೆ? ಕೇಳಿದರೆ "ಆ ವರ್ಷ ನಮ್ಮ ಕರಿ ಎಮ್ಮೆ ಈದಿತ್ತು ನೋಡ್ರಿ" ಅಂತಾರೆ. ಎಮ್ಮೆ ಯಾವ ವರ್ಷ ಈದಿತ್ತು ಅನ್ನುವುದೂ ಗೊತ್ತಿರುವುದಿಲ್ಲ.)

ಹೊನ್ನಾಳಿಯ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಮೇಷ್ಟ್ರಾಗಿದ್ದೇನೆ. ಎಷ್ಟು ಕೈ, ಎಷ್ಟು ಕಿವಿ ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯ ಕೈ ಬಂದಾಗಲೇ ಎಡವಿದೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾರದೆಗೆ ಏಳು ತುಂಬಿದೆ. ಹೋದ ವರ್ಷವೇ ಶಾಲೆಗೆ ಹೋಗಬೇಕಿತ್ತು, ಚಳಿಜ್ವರ ಬಿಡಲಿಲ್ಲ. ಕ್ವಿನೈನ್ ಕುಡಿದು ಕುಡಿದು ಬೆಳೆಯುವುದನ್ನೇ ಮರೆತ ಹಾಗಿದ್ದಾಳೆ. ಚಿಕ್ಕವಳು ಕಮಲೆಗೆ ಐದೂವರೆ. ಕೊಟ್ಟಿದ್ದೆಲ್ಲ ಉಂಡು ಅಕ್ಕನಿಗಿಂತ ಎರಡು ಬೆರಳು ಎತ್ತರ ಬೆಳೆದಿದ್ದಾಳೆ.

ಸೋಮವಾರ ಬೆಳಿಗ್ಗೆ ಹಜಾರದಲ್ಲಿ ಇಬ್ಬರೂ ಶಾಲೆ ಆಟ ಆಡುತ್ತಿದ್ದರು. ಶಾರದೆಯ ಕೈ ಕಿವಿಯ ಹತ್ತಿರ ಬಂದು ನಿಂತಿತು, ಮುಟ್ಟಲಿಲ್ಲ. ಕಮಲೆ ಕಿವಿ ಮುಟ್ಟಿದ್ದಷ್ಟೇ ಅಲ್ಲ, ಓಲೆ ಹಿಡಿದು ಜಗ್ಗಿ ತೋರಿಸಿದಳು.

"ಒಳ್ಳೇದಾತು ಬಿಡ್ರಿ," ಅಂದಳು ನನ್ನ ಹೆಂಡತಿ ಗೌರಮ್ಮ. "ಇಬ್ರನ್ನೂ ಒಂದೇ ಸಲ ಸೇರಿಸಿಬಿಡ್ರಿ. ಜೊತೇಲಿ ಹೋಗ್ತಾವೆ, ಜೊತೇಲಿ ಬರ್ತಾವೆ."

"ಆಗಲ್ಲ. ಈ ವರ್ಷ ದೊಡ್ಡೋಳು. ಚಿಕ್ಕೋಳು ಬರೋ ವರ್ಷ."

"ಯಾಕ್ರಿ? ಕೈ ಮುಟ್ತಲ್ಲ?"

"ಮುಟ್ಟಿದ್ರೆ ಮುಟ್ಲಿ."

ಕಮಲೆ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಅಕ್ಕನ ಸ್ಲೇಟನ್ನು ಗೋಡೆಯ ಗೂಡಿನಲ್ಲಿಟ್ಟು, ಹಿತ್ತಲಿಗೆ ಹೋಗಿ ಒಬ್ಬಳೇ ಕೂತಳು. ಮಧ್ಯಾಹ್ನ ಕರೆದರೆ ಹಸಿವಿಲ್ಲ ಅಂದಳು. ಕಮಲೆಗೆ ಹಸಿವಿಲ್ಲ ಅಂದರೆ ಏನರ್ಥ ಅಂತ ನಮ್ಮ ಬೀದಿಗೇ ಗೊತ್ತು.

ಗೌರಮ್ಮ ನ್ಯಾಮತಿಯವಳು. ಮಾತನ್ನು ಸುತ್ತಿ ಬಳಸಿ ಹೇಳುವ ಅಭ್ಯಾಸ ಇಲ್ಲ. ತಟ್ಟೆ ಎತ್ತುತ್ತಾ ಅಂದಳು: "ಹೊಟ್ಟೆಕಿಚ್ಚು ನಿಮ್ದು. ಶಿಕ್ಷೆ ಮಗೀಗೆ."

ಈ ಅಂಕಣದಲ್ಲಿ ಊರವರ ಹುಳುಕನ್ನೆಲ್ಲ ನಾನು ಚೆನ್ನಾಗಿ ಬರೆಯುತ್ತೇನೆ ಅಂತ ನೀವು ಹೊಗಳುತ್ತೀರಿ. ಈ ವಾರ ನನ್ನ ಹುಳುಕನ್ನೇ ಓದಿ.

ನನಗೊಬ್ಬ ತಮ್ಮ. ರುದ್ರ. ನನಗಿಂತ ಒಂದೂವರೆ ವರ್ಷ ಚಿಕ್ಕವನು. ತ್ಯಾವಣಿಗೆಯಲ್ಲಿ ನಮ್ಮ ಅಪ್ಪ ನನ್ನನ್ನು ಶಾಲೆಗೆ ಸೇರಿಸಲು ಹೊರಟ ದಿನ ಇವನೂ ಗೋಳಾಡಿ ಹಿಂದೆ ಬಂದ. ಮೇಷ್ಟ್ರು ನನ್ನ ಕೈ ನೋಡಿದರು. ಮುಟ್ಟಲಿಲ್ಲ. ನನಗಾಗ ಏಳು ವರ್ಷ, ಕೈ ಮಾತ್ರ ಗಿಡ್ಡ. ಪಕ್ಕದಲ್ಲಿ ನಿಂತಿದ್ದ ರುದ್ರ ಯಾರೂ ಕೇಳದೆ ತಾನೇ ಕೈ ಎತ್ತಿ ಕಿವಿ ಹಿಡಿದುಕೊಂಡ.

ಮೇಷ್ಟ್ರು ನಕ್ಕರು. ಅಪ್ಪನೂ ನಕ್ಕ. ಇಬ್ಬರನ್ನೂ ಬರೆದುಕೊಂಡರು. ಕಿವಿ ಮುಟ್ಟಿದವನಿಗೆ ಏಳು ವರ್ಷ, ಮುಟ್ಟದವನಿಗೆ ಆರು. ಅಷ್ಟೇ. ಒಂದು ಗೆರೆಯಲ್ಲಿ ನಾನು ತಮ್ಮನಾದೆ, ಅವನು ಅಣ್ಣನಾದ. ಅಪ್ಪ ಓದು ಬರಹ ಬಾರದವನು, ರಿಜಿಸ್ಟರಿನಲ್ಲಿ ಏನಿದೆ ಅಂತ ಹೆಂಗೆ ತಿಳಿಯಬೇಕು? "ಇವನ ದೆಸೆಯಿಂದ ನಿನಗೂ ಜಾಗ ಸಿಕ್ತು ನೋಡು," ಅಂದರು ಮೇಷ್ಟ್ರು, ನನ್ನ ತಲೆ ಸವರುತ್ತಾ. ಆ ಕೈಯ ಭಾರ ಇವತ್ತಿಗೂ ತಲೆ ಮೇಲಿದೆ.

ಆಮೇಲಿಂದ ಒಂದೇ ಕ್ಲಾಸು, ಒಂದೇ ಮಣೆ. ಲೆಕ್ಕ ಅವನು ಮೊದಲು ಮಾಡುತ್ತಿದ್ದ. ಮಗ್ಗಿ ಅವನು ತಪ್ಪಿಲ್ಲದೆ ಹೇಳುತ್ತಿದ್ದ. ನಾನೇನು ದಡ್ಡನಲ್ಲ, ಎರಡನೆಯವನು. ಆದರೆ ಮೊದಲನೆಯವನು ಮನೆಯಲ್ಲೇ ಇದ್ದರೆ ಎರಡನೆಯವನನ್ನು ಯಾರು ಕೇಳುತ್ತಾರೆ? "ರುದ್ರನ್ನ ನೋಡಿ ಕಲಿ" ಅನ್ನುವುದನ್ನು ಅವ್ವ ಊಟಕ್ಕೆ ಉಪ್ಪಿನಕಾಯಿ ಬಡಿಸಿದಷ್ಟು ಸಲೀಸಾಗಿ ಬಡಿಸುತ್ತಿದ್ದಳು.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಅವನ ಸ್ಲೇಟನ್ನು ಮಂಡಿಗೆ ಕೊಟ್ಟು ಮುರಿದೆ. ಬೇಕಂತಲೇ. ಅವನು ಬಾಗಿಲಲ್ಲಿ ನಿಂತು ನೋಡಿದ. ಅಪ್ಪ ಕೇಳಿದಾಗ "ಕೈಜಾರಿ ಬಿತ್ತು" ಅಂದು ತಾನೇ ಏಟು ತಿಂದ. ಅರ್ಧ ಸ್ಲೇಟಿನಲ್ಲೇ ಆ ವರ್ಷ ಕಳೆದ, ಮೊದಲನೆಯವನಾಗಿಯೇ ಕಳೆದ. ಪಾಪ ಅನ್ನಿಸಿತಾ ಅಂತೀರಾ? ಇಲ್ಲ. ಇನ್ನೂ ಉರಿಯಿತು. ಏಟು ತಿನ್ನುವುದರಲ್ಲೂ ನನಗಿಂತ ಮೇಲೆ ಅನ್ನಿಸಿಕೊಂಡನಲ್ಲ.

ಚನ್ನಗಿರಿಗೆ ಹೋಗಿ ಇಬ್ಬರೂ ಲೋವರ್ ಸೆಕೆಂಡರಿ ಪಾಸು ಮಾಡಿದೆವು. ಒಂದಷ್ಟು ವರ್ಷ ಹೊಲದಲ್ಲಿ ದುಡಿದೆವು. ಈ ಮಹಾಯುದ್ಧ ಶುರುವಾಗುವುದಕ್ಕೆ ಮೂರು ವರ್ಷ ಮುಂಚೆ ಮೇಷ್ಟ್ರ ಕೆಲಸವೊಂದು ಖಾಲಿ ಬಿತ್ತು. ಇಬ್ಬರೂ ಅಪ್ಲಿಕೇಶನ್ ಹಾಕಿದೆವು. ಇಪ್ಪತ್ತೈದು ದಾಟಿರಬಾರದು ಅಂತ ನಿಯಮ. ರಿಜಿಸ್ಟರ್ ಪ್ರಕಾರ ರುದ್ರನಿಗೆ ನಾಲ್ಕು ತಿಂಗಳು ದಾಟಿತ್ತು. ಅವನ ಅರ್ಜಿ ವಾಪಸ್ ಬಂತು, ನನಗೆ ಆರ್ಡರ್ ಬಂತು.

ನಿಜಕ್ಕೂ ದಾಟಿದವನು ನಾನು.

ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಖುಷಿಯಾಗಿತ್ತು ಅಂತ ಒಪ್ಪಿಕೊಂಡುಬಿಡುತ್ತೇನೆ. ಕಿವಿ ಮುಟ್ಟಿದ ಕೈಗೇ ಆ ಕಿವಿ ತಿರುಗಿ ಏಟು ಕೊಟ್ಟ ಹಾಗಿತ್ತು. ರುದ್ರ ಜಗಳೂರಿನ ಕಡೆ ಸೊಕ್ಕೆಯಲ್ಲಿ ಮದುವೆಯಾಗಿ, ಮಾವನ ಹೊಲದಲ್ಲಿ ಶೇಂಗಾ ಬೆಳೆಯುತ್ತಾ ಅಲ್ಲೇ ಉಳಿದ.

ಅಲ್ಲಿಗೆ ಹೊಟ್ಟೆಕಿಚ್ಚು ಆರಬೇಕಿತ್ತಲ್ಲವೇ? ಸಂಬಳ ನನಗೆ, ನಮಸ್ಕಾರ ನನಗೆ, ಪೇಪರಿನಲ್ಲಿ ಹೆಸರು ನನಗೆ. ಆದರೆ ಅಪ್ಪ ಹೋದ ಮೇಲೆ ಅವ್ವ ಗಂಟು ಕಟ್ಟಿಕೊಂಡು ಹೋಗಿದ್ದು ಸೊಕ್ಕೆಗೆ. "ರುದ್ರನ ಕೈಯ ರೊಟ್ಟಿ ಆದ್ರೂ ಸಾಕು ನಂಗೆ," ಅಂದಳು. ಮೇಷ್ಟ್ರ ಮನೆಯ ಅನ್ನ ಸಾಲಲಿಲ್ಲ.

ಈಗ ಹೇಳಿ. ಇಂಥವನು ತನ್ನ ಇಬ್ಬರು ಮಕ್ಕಳನ್ನು ಒಂದೇ ಕ್ಲಾಸಿಗೆ ಹಾಕುತ್ತಾನಾ? ನನ್ನ ಶಾರದೆ ನನ್ನ ಹಾಗೆ ಬೇಯಬಾರದು. ಅದೊಂದೇ ನನ್ನ ಯೋಚನೆ. ಯೋಚನೆ ಒಳ್ಳೆಯದೇ ಅಂದುಕೊಂಡಿದ್ದೆ.

ಗುರುವಾರ ರುದ್ರ ಬಂದ. ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಕೂತು, ಏರಿನಲ್ಲೆಲ್ಲ ಇಳಿದು ತಳ್ಳಿ, ಮುಖವೆಲ್ಲ ಮಸಿ ಮಾಡಿಕೊಂಡು, ಹೆಗಲ ಮೇಲೆ ಒಂದು ಚೀಲ ಶೇಂಗಾ ಹೊತ್ತು ಬಂದ. ನನ್ನ ಮಕ್ಕಳಿಬ್ಬರೂ ಅವನ ಎರಡು ಕಾಲಿಗೆ ಜೋತುಬಿದ್ದರು. (ನಾನು ಶಾಲೆಯಿಂದ ಬಂದರೆ ಪುಸ್ತಕ ಹುಡುಕಿಕೊಂಡು ಕೂರುತ್ತಾರೆ.) ಗೌರಮ್ಮ ಕಾಫಿಗೆ ಬೆಲ್ಲ ಹಾಕುತ್ತಾ ಎಲ್ಲ ಕತೆಯನ್ನೂ ಅವನಿಗೆ ಒಪ್ಪಿಸಿದಳು.

ರುದ್ರ ಶೇಂಗಾ ಸುಲಿಯುತ್ತಾ ಕೇಳಿಸಿಕೊಂಡ. ಕಮಲೆ ಅವನ ತೊಡೆಯ ಮೇಲಿದ್ದಳು. ಸುಲಿದಿದ್ದನ್ನು ಅವಳ ಬಾಯಿಗೆ ಹಾಕುತ್ತಾ ಅಂದ:

"ಅಣ್ಣಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಅವತ್ತು ಸಾಲಿಗೆ ಹಾಕಿ ವಾಪಸ್ ಮನಿಗೆ ಹೆಂಗೆ ಬಂದ್ವಿ, ನೆನಪೈತಾ?"

"ನಡ್ಕೊಂಡು."

"ನಾನು ನಡ್ಕೊಂಡು. ನಿನ್ನನ್ನ ಅಪ್ಪ ಹೆಗಲ ಮ್ಯಾಲೆ ಕೂರಿಸ್ಕಂಡಿದ್ದ. ನಿನ್ನ ಕೈ ಮುಟ್ಲಿಲ್ಲ, ಮಗ ನೊಂದ್ಕಂಡ್ಯಾನು ಅಂತ. ಇಬ್ರ ಚೀಲಾನೂ ನನ್ನ ಕೈಗೆ ಕೊಟ್ಟ. 'ನೀ ದೊಡ್ಡೋನು, ಹೊರು' ಅಂದ."

ನನಗೆ ನೆನಪಾಗಲಿಲ್ಲ. ಎಷ್ಟು ತಿಣುಕಿದರೂ ಆ ಹೆಗಲು ನೆನಪಿಗೆ ಬರಲಿಲ್ಲ. ಕಿವಿ ನೆನಪಿದೆ, ಮೇಷ್ಟ್ರ ನಗು ನೆನಪಿದೆ, ರುದ್ರ ತೊಟ್ಟಿದ್ದ ಅಂಗಿಯ ಬಣ್ಣ ಕೂಡ ನೆನಪಿದೆ. ಅಪ್ಪನ ಹೆಗಲ ಮೇಲೆ ಊರೆಲ್ಲ ನೋಡುತ್ತಾ ಬಂದಿದ್ದು ಮಾತ್ರ ಎಲ್ಲಿ ಹೋಯಿತು?

"ಆಮೇಲೆ ಅಪ್ಪ ಯಾವತ್ತೂ ನನ್ನ ಎತ್ಕಳ್ಲಿಲ್ಲ," ಅಂದ ರುದ್ರ. "ಐದೂವರೆ ವರ್ಷಕ್ಕೇ ದೊಡ್ಡೋನಾಗಿಬಿಟ್ಟೆ. ನಿನ್ನ ಕಂಡ್ರೆ ಹೊಟ್ಟೆ ಉರಿಯೋದು ನಂಗೆ. ಅವತ್ತು ಕೈ ಮುಟ್ಟಿಸಿದ್ದೇ ತಪ್ಪಾತು ಅಂತ ಎಷ್ಟು ಸಲ ಅಂದ್ಕಂಡಿದೀನೋ. ನಿಂದು ಸ್ಲೇಟು ಮುರಿಯೋವಷ್ಟು ಇತ್ತಲ್ಲ, ನಂದು ಅದಕ್ಕಿಂತ ಜಾಸ್ತಿನೇ ಇತ್ತು. ತೋರ್ಸಾಕೆ ಬರಲಿಲ್ಲ, ದೊಡ್ಡೋನಲ್ವಾ?"

ಆಗ ನನ್ನ ಮನಸ್ಸಿಗೆ ಬಂದ ಮೊದಲ ಯೋಚನೆ ಏನು ಗೊತ್ತಾ? ಹೊಟ್ಟೆಕಿಚ್ಚಿನಲ್ಲೂ ಇವನೇ ಫಸ್ಟಾ? (ನಗಬೇಡಿ. ಹುಟ್ಟುಗುಣದ ಹಾಗೆ ಕೂತುಬಿಟ್ಟಿದೆ.) ಎರಡನೆಯ ಯೋಚನೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಯಾಕೆ ಸೊಕ್ಕೆಗೆ ಹೋದಳು ಅಂತ ಆಗ ಹೊಳೆಯಿತು. ಅಪ್ಪ ಎತ್ತಿಕೊಳ್ಳದ ಮಗನ ಹತ್ತಿರ ಹೋಗಿದ್ದಾಳೆ.

ವಯಸ್ಸಿನ ವಿಷಯ, ಕೆಲಸದ ವಿಷಯ ಎತ್ತಲು ಹೋದೆ. ರುದ್ರ ಬಿಡಲಿಲ್ಲ. "ಅದು ಮುಗಿದ್ಹೋದ ಮಾತು. ಈ ಮಗಿನ ಸ್ಲೇಟು ಎಲ್ಲೈತೆ, ಅದನ್ ಹೇಳು ಮೊದ್ಲು," ಅಂದ.

ಶನಿವಾರ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಕಮಲೆ ಇಬ್ಬರ ಚೀಲವನ್ನೂ ತಾನೇ ಹೊತ್ತಿದ್ದಳು. ಕೊಡು ಅಂದರೆ ಕೊಡಲಿಲ್ಲ.

ಹೆಡ್‌ಮಾಸ್ಟರು ಮೊದಲು ಶಾರದೆಯನ್ನು ಕರೆದರು. ಕೈ ಮುಟ್ಟಲಿಲ್ಲ. ಜ್ವರದ ವಿಷಯ ಅವರಿಗೆ ಗೊತ್ತಿತ್ತು. "ಕೈ ನೋಡಬೇಡಿ, ಇವಳಿಗೆ ಏಳು, ಇನ್ನೊಬ್ಬಳಿಗೆ ಐದೂವರೆ, ಹಂಗೇ ಬರೀರಿ," ಅಂದೆ. ಶಾರದೆಯ ಹೆಸರು ಬರೆದುಕೊಂಡರು. ಆಮೇಲೆ ಕಮಲೆ. ಯಾರೂ ಕೇಳದಿದ್ದರೂ ನಿಧಾನವಾಗಿ ಕೈ ಎತ್ತಿದಳು, ನೆತ್ತಿಯ ಮೇಲೆ ತಂದಳು. ಕಿವಿಗೆ ಎರಡು ಬೆರಳು ದೂರ ಇರುವಾಗ ನಿಲ್ಲಿಸಿದಳು. ಅಕ್ಕನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಮುಟ್ಟಲ್ಲ ಸಾ," ಅಂದಳು.

ಓಲೆ ಹಿಡಿದು ಜಗ್ಗಿದ ಹುಡುಗಿ. ಮುಟ್ಟಿದ್ದೇ ತಪ್ಪು ಅಂತ ಐದೇ ದಿನದಲ್ಲಿ ಕಲಿತುಬಿಟ್ಟಿದ್ದಳು. ಸೋಮವಾರ ಪಾಠ ಶುರುಮಾಡಿದವನು ನಾನೇ.

ಶಾರದೆ ಸೀದಾ ಬಂದು ತಂಗಿಯ ಮೊಣಕೈ ಹಿಡಿದು ಕೆಳಗೆ ಒತ್ತಿದಳು. ಬೆರಳು ಕಿವಿಗೆ ಬಡಿಯಿತು.

"ಮುಟ್ತೈತೆ ಸಾ, ಸುಳ್ಳು ಹೇಳ್ತಾಳೆ. ಬರ್ಕಳ್ರಿ ಇವಳ್ನೂ," ಅಂದಳು. "ಇವಳು ಬರ್ಲಿಲ್ಲಾಂದ್ರೆ ನಾನ್ ಯಾರ ಪಕ್ಕ ಕೂತ್ಕಳ್ಲಿ?"

ಹಾಗಾದರೆ, ಓದುಗರೇ, ಇಡೀ ವಾರ ನಾನು ಯಾರನ್ನು ಕಾಪಾಡುತ್ತಿದ್ದೆ?